ಹೊಲದ ಪುಟ್ಟ ಯಂತ್ರಕ್ಕೆ ಯಾವ ಜಿಪ್, ಯಾವ ಟಾರ್?

ಮುನಿರಾಬಾದಿನಿಂದ ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಗಂಗಾವತಿಯ ಕಡೆ ಹೋದರೆ ಎರಡೂ ಬದಿ ಭತ್ತ. ಕೊಪ್ಪಳದಿಂದ ಬಡಗಣಕ್ಕೆ, ಕುಷ್ಟಗಿ–ಯಲಬುರ್ಗಾ ಕಡೆ ಹೊರಳಿದರೆ ಬೋರ್‌ವೆಲ್ ನೆಚ್ಚಿದ ದಾಳಿಂಬೆ, ಮಳೆ ನೆಚ್ಚಿದ ಜೋಳ, ಸಜ್ಜೆ, ಕಡಲೆ, ಬಯಲಲ್ಲಿ ಸಾಲುಸಾಲು ಗಾಳಿಯಂತ್ರ. ನೀರಿನ ಕತೆ ಎರಡು ಕಡೆಗೂ ಬೇರೆ. ಆದರೆ ಕಂಬಕ್ಕೋ ಗೋಡೆಗೋ ಬಿಗಿದ ಸಣ್ಣ ಪೆಟ್ಟಿಗೆ ಈಗ ಎರಡೂ ಕಡೆ ಕಾಣಸಿಗುತ್ತದೆ. ಅದು ಮಳೆ ಅಳೆಯುತ್ತದೆ, ಡ್ರಿಪ್ ವಾಲ್ವ್ ತೆರೆದು ಮುಚ್ಚುತ್ತದೆ, ಅಕ್ಕಿ ಗಿರಣಿಯ ಡ್ರೈಯರ್‌ನ ಶಾಖ ಬರೆದಿಡುತ್ತದೆ, ಬೋರ್‌ವೆಲ್ ಮೋಟಾರಿನ ಕರೆಂಟು ಲೆಕ್ಕ ಹಾಕುತ್ತದೆ.

ಸರ್ಕಾರದ ಮಟ್ಟದಲ್ಲಿ ಈ ಕೆಲಸದ ದೊಡ್ಡ ಮಾದರಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ಈ ಸಂಸ್ಥೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸೋಲಾರ್‌ನಿಂದ ನಡೆಯುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆಯ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಮುಟ್ಟಿಸುತ್ತವೆ. ಈಗ ಇಂಥ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳಲು ಹೊರಟವರು ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದ್ದಾರೆ: ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಪಾಲಿಟೆಕ್ನಿಕ್ ಮುಗಿಸಿ ಊರಲ್ಲೇ ಅಂಗಡಿ ಇಟ್ಟವರು, ತೋಟದ ಕೆಲಸಕ್ಕೆ ಯಂತ್ರ ಹಚ್ಚಬೇಕೆನ್ನುವ ಓದಿದ ರೈತರು. ಈ ಬರಹ ಅವರಿಗಾಗಿ.

ಸೆನ್ಸರ್ ಯಾವುದು, ಬೋರ್ಡ್ ಯಾವುದು, ಬ್ಯಾಟರಿ ಎಷ್ಟರದ್ದು ಎಂದು ಎಲ್ಲರೂ ವಾರಗಟ್ಟಲೆ ವಿಚಾರ ಮಾಡುತ್ತಾರೆ. ಅಳೆದದ್ದನ್ನು ಯಾವ ರೂಪದಲ್ಲಿ ಕಟ್ಟಿಡಬೇಕು, ಹೇಗೆ ಕುಗ್ಗಿಸಬೇಕು ಎಂಬುದನ್ನು ಮಾತ್ರ ಕಡೆಗೆ, ಅಭ್ಯಾಸಬಲದಿಂದ ತೀರ್ಮಾನಿಸಿಬಿಡುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಹೋಲಿಕೆ ಪಟ್ಟಿಗಳೆಲ್ಲ ದೊಡ್ಡ ಕಂಪ್ಯೂಟರಿನಲ್ಲಿ ಯಾವುದು ಎಷ್ಟು ಸಣ್ಣದಾಗಿಸುತ್ತದೆ ಎಂದು ಅಳೆದು ಮಾಡಿದವು. ನಮ್ಮ ಹೊಲದ ಪೆಟ್ಟಿಗೆಗೆ ಆ ಅಳತೆ ಸಾಲದು. ಕರೆಂಟು ಹೋದಾಗ ಏನು ಉಳಿಯುತ್ತದೆ, ಇರುವ ಮೆಮೊರಿಯಲ್ಲಿ ಕೆಲಸ ಆಗುತ್ತದೆಯೇ, ಆ ಕಡೆ ಇರುವವರಿಗೆ ಫೈಲು ತೆರೆಯಲು ಬರುತ್ತದೆಯೇ: ಈ ಮೂರನ್ನು ಮೊದಲು ಕೇಳಬೇಕು. ಎಷ್ಟು ಕುಗ್ಗಿತು ಎಂಬ ಪ್ರಶ್ನೆ ಆಮೇಲಿನದು.

ಮೊದಲು ಗಾತ್ರದ ಲೆಕ್ಕ

ಯಾವ ಸಾಧನ ಎಂದು ಹುಡುಕುವ ಮುಂಚೆ ನಿಮ್ಮ ಯಂತ್ರ ದಿನಕ್ಕೆ ಎಷ್ಟು ಬರೆಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ತಾರೀಕು, ಸಮಯ, ಕೇಂದ್ರದ ಐದಕ್ಷರದ ಸಂಕೇತ, ನೀರಿನ ಮಟ್ಟ, ಉಷ್ಣಾಂಶ, ತೇವಾಂಶ, ಇಷ್ಟನ್ನು ಅಲ್ಪವಿರಾಮ ಹಾಕಿ ಒಂದು ಸಾಲಾಗಿ ಬರೆದರೆ ಸುಮಾರು 41 ಬೈಟು. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಾಲು, 3,936 ಬೈಟು. ಇಡೀ ವರ್ಷಕ್ಕೆ ಒಂದೂವರೆ ಮೆಗಾಬೈಟು ಕೂಡ ಆಗುವುದಿಲ್ಲ. ಅತಿ ಅಗ್ಗದ ಮೆಮೊರಿ ಕಾರ್ಡಿನಲ್ಲೂ ಇಂಥ ನೂರಾರು ವರ್ಷದ ಲೆಕ್ಕ ಹಿಡಿಸುತ್ತದೆ. ಇಲ್ಲಿ ಜಾಗ ಉಳಿಸಲು ಕುಗ್ಗಿಸುವುದು ಅನವಶ್ಯಕ. ಸರಳ ಪಠ್ಯವಾಗಿಯೇ ಇಡಿ.

ಅದೇ ಗಿರಣಿಯ ಡ್ರೈಯರ್ ಅಥವಾ ಮೋಟಾರಿನ ಕರೆಂಟನ್ನು ಸೆಕೆಂಡಿಗೊಮ್ಮೆ ಬರೆದರೆ ದಿನಕ್ಕೆ ಮೂರೂವರೆ ಮೆಗಾಬೈಟು, ವರ್ಷಕ್ಕೆ ಒಂದೂಕಾಲು ಗಿಗಾಬೈಟು ದಾಟುತ್ತದೆ. ಹಳೆಯ ರೌಟರಿನಂಥ ಬೋರ್ಡಿನಲ್ಲಿ ಫ್ಲ್ಯಾಶ್ ಇರುವುದೇ 8 ಅಥವಾ 16 ಮೆಗಾಬೈಟು. ಅಲ್ಲಿ ಕುಗ್ಗಿಸದೆ ಗತಿಯಿಲ್ಲ.

ಮೂರನೆಯ ಬಗೆ ಚಿತ್ರಗಳದ್ದು. ಗಂಗಾವತಿ ತಾಲ್ಲೂಕಿನಲ್ಲಿ 332 ಹೆಕ್ಟೇರ್ ವಿಸ್ತಾರದ ಬಂಕಾಪುರ ತೋಳಧಾಮವಿದೆ. ಅಂಥ ಕಡೆ ಪ್ರಾಣಿಗಳ ಓಡಾಟ ನೋಡಲು ಬಳಸುವ ಕ್ಯಾಮೆರಾ ಟ್ರ್ಯಾಪ್‌ಗಳು ಜೆಪೆಗ್ ಚಿತ್ರ ಬರೆಯುತ್ತವೆ. ಜೆಪೆಗ್ ಎಂದರೇ ಒಮ್ಮೆ ಕುಗ್ಗಿಸಿದ್ದು. ಅದನ್ನು ಮತ್ತೆ ಜಿಜಿಪ್, ಎಕ್ಸ್‌ಝಡ್‌ನಂಥ ಕುಗ್ಗಿಸುವ ಸಾಧನಕ್ಕೆ ಕೊಟ್ಟರೆ ಬ್ಯಾಟರಿ ಖರ್ಚಾಗುತ್ತದೆಯೇ ಹೊರತು ಗಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಚಿತ್ರಗಳನ್ನು ಒಟ್ಟಿಗೆ ಕಟ್ಟಿ ಕಳಿಸಿದರೆ ಸಾಕು.

ಕಟ್ಟುವುದು ಬೇರೆ, ಕುಗ್ಗಿಸುವುದು ಬೇರೆ

ಹಲವು ಫೈಲುಗಳನ್ನು ಒಂದು ಗಂಟು ಮಾಡುವುದು ಒಂದು ಕೆಲಸ, ಅದರ ಗಾತ್ರ ಇಳಿಸುವುದು ಇನ್ನೊಂದು. ಜಿಪ್ ಎರಡನ್ನೂ ತಾನೇ ಮಾಡುತ್ತದೆ. ಲಿನಕ್ಸ್ ಲೋಕದಲ್ಲಿ ಟಾರ್ ಕಟ್ಟುತ್ತದೆ, ಜಿಜಿಪ್, ಬಿಜಿಪ್2, ಎಕ್ಸ್‌ಝಡ್‌ನಂಥವು ಕುಗ್ಗಿಸುತ್ತವೆ.

ಟಾರ್ ಹುಟ್ಟಿದ್ದು ಮ್ಯಾಗ್ನೆಟಿಕ್ ಟೇಪಿನ ಕಾಲದಲ್ಲಿ. ಅದರ ಲೆಕ್ಕವೆಲ್ಲ 512 ಬೈಟಿನ ತುಂಡುಗಳಲ್ಲಿ ನಡೆಯುತ್ತದೆ. ಪ್ರತಿ ಫೈಲಿಗೂ 512 ಬೈಟಿನ ತಲೆಬರಹ, ಆಮೇಲೆ ಒಳಗಿನ ಸರಕು, ಅದೂ 512ರ ಗುಣಕಕ್ಕೆ ತುಂಬಿಸಿದ್ದು. ಹೀಗಾಗಿ 41 ಬೈಟಿನ ಒಂದು ಸಾಲನ್ನು ಒಂದು ಫೈಲಾಗಿ ಇಟ್ಟರೆ ಟಾರ್‌ನಲ್ಲಿ ಅದು 1,024 ಬೈಟು ಹಿಡಿಯುತ್ತದೆ. ದಿನದ 96 ಅಳತೆಗಳಿಗೆ 96 ಫೈಲು ಮಾಡಿದರೆ ನಾಲ್ಕು ಕಿಲೋಬೈಟಿನ ಸರಕು 96 ಕಿಲೋಬೈಟಿನ ಗಂಟಾಗುತ್ತದೆ. ಅಳತೆಗೊಂದು ಫೈಲು ಮಾಡುವ ಪದ್ಧತಿಯನ್ನೇ ಬಿಟ್ಟುಬಿಡಿ. ದಿನಕ್ಕೊಂದು ಫೈಲು ಮಾಡಿ ಅದರ ಕೊನೆಗೆ ಸೇರಿಸುತ್ತಾ ಹೋಗಿ. ಎಷ್ಟೋ ಸಲ ಈ ಒಂದು ಬದಲಾವಣೆಯಿಂದಲೇ ಆರ್ಕೈವ್ ಸಾಧನದ ಅಗತ್ಯ ತೀರಿಹೋಗುತ್ತದೆ.

ಟಾರ್‌ನ ಇನ್ನೊಂದು ಗುಣ ತಿಳಿದಿರಬೇಕು. ಅದು ತಲೆಬರಹಕ್ಕೆ ಮಾತ್ರ ತಾಳೆಮೊತ್ತ (ಚೆಕ್‌ಸಮ್) ಇಡುತ್ತದೆ, ಒಳಗಿನ ಸರಕಿಗೆ ಇಡುವುದಿಲ್ಲ. ಕಾರ್ಡು ಕೆಟ್ಟು ಒಳಗಿನ ಒಂದಂಕಿ ಬದಲಾದರೆ ಟಾರ್‌ಗೆ ಗೊತ್ತಾಗುವುದೇ ಇಲ್ಲ. ಜಿಜಿಪ್ ಸುತ್ತಿದರೆ ಅದರ ಬಾಲದಲ್ಲಿ ಸಿಆರ್‌ಸಿ-32 ತಾಳೆಮೊತ್ತ ಬರುತ್ತದೆ. ಎಕ್ಸ್‌ಝಡ್ ಸಾಮಾನ್ಯವಾಗಿ ಸಿಆರ್‌ಸಿ-64 ಇಡುತ್ತದೆ. ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಬೇಯುವ ಮೆಮೊರಿ ಕಾರ್ಡನ್ನು ನಂಬುವುದಕ್ಕಿಂತ ಈ ತಾಳೆಮೊತ್ತವನ್ನು ನಂಬುವುದು ಲೇಸು.

ನಡುವೆ ಕರೆಂಟು ಹೋದರೆ

ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟು ಪಾಳಿಯಲ್ಲಿ ಬರುವ ನಾಡು ಇದು. ಬ್ಯಾಟರಿ ಇದ್ದರೂ ಮೋಡ ಕವಿದ ನಾಲ್ಕು ದಿನಕ್ಕೆ ಸೋಲಾರ್ ಸೋಲುತ್ತದೆ. ಯಂತ್ರ ಯಾವ ಗಳಿಗೆಯಲ್ಲಾದರೂ ಆರಬಹುದು ಎಂದು ಇಟ್ಟುಕೊಂಡೇ ಸಾಧನ ಆರಿಸಬೇಕು.

ಜಿಪ್ ಫೈಲಿನ ಪರಿವಿಡಿ ಇರುವುದು ಕಟ್ಟಕಡೆಯಲ್ಲಿ. ತೆರೆಯುವ ಪ್ರೋಗ್ರಾಂ ಮೊದಲು ಬಾಲಕ್ಕೆ ಹೋಗಿ ಯಾವ ಫೈಲು ಎಲ್ಲಿದೆ ಎಂದು ನೋಡಿಕೊಳ್ಳುತ್ತದೆ. ಜಿಪ್ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಪರಿವಿಡಿ ಬರೆಯುವ ಹೊತ್ತು ಬರುವುದೇ ಇಲ್ಲ, ಫೈಲು ತೆರೆಯುವುದಿಲ್ಲ. ದುರಸ್ತಿ ಮಾಡುವ ಸಾಧನಗಳಿವೆ, ಆದರೆ ಕುಷ್ಟಗಿಯ ಹೊಲದ ಬದುವಿನ ಮೇಲೆ ನಿಂತು ಆ ಕೆಲಸ ಮಾಡುವವರು ಯಾರು? ಟಾರ್ ಮತ್ತು ಜಿಜಿಪ್ ಮುಂದಿನಿಂದ ಹಿಂದಕ್ಕೆ ಓದುವ ರೂಪಗಳು. ನಡುವೆ ತುಂಡಾದರೂ ತುಂಡಾದ ಜಾಗದವರೆಗಿನದು ಬಹುಪಾಲು ಕೈಗೆ ಸಿಗುತ್ತದೆ.

ಜಿಜಿಪ್‌ನ ಇನ್ನೊಂದು ಗುಣ ನಮ್ಮ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಎರಡು ಜಿಜಿಪ್ ಫೈಲುಗಳನ್ನು ಒಂದರ ಹಿಂದೊಂದು ಸುಮ್ಮನೆ ಅಂಟಿಸಿದರೆ ಬರುವುದೂ ಸರಿಯಾದ ಜಿಜಿಪ್ ಫೈಲೇ. ಬಿಚ್ಚಿದರೆ ಎರಡರ ಸರಕೂ ಸಾಲಾಗಿ ಹೊರಬರುತ್ತದೆ. ಬಿಜಿಪ್2, ಎಕ್ಸ್‌ಝಡ್, ಮುಂದೆ ಹೇಳುವ ಝಡ್‌ಸ್ಟ್ಯಾಂಡರ್ಡ್‌ಗಳಲ್ಲೂ ಇದು ನಡೆಯುತ್ತದೆ. ಹಾಗಾಗಿ ಒಂದು ಗಂಟೆಯ ಅಳತೆಯನ್ನು ರ‍್ಯಾಮ್‌ನಲ್ಲಿಯೇ ಕೂಡಿಟ್ಟು, ಗಂಟೆಗೊಮ್ಮೆ ಕುಗ್ಗಿಸಿ, ದಿನದ ಫೈಲಿನ ಬಾಲಕ್ಕೆ ಅಂಟಿಸಬಹುದು. ಕರೆಂಟು ಹೋದರೆ ನಷ್ಟವಾಗುವುದು ಹೆಚ್ಚೆಂದರೆ ಆ ಕೊನೆಯ ಗಂಟೆ. ಫ್ಲ್ಯಾಶ್‌ಗೆ ಬರೆಯುವ ಸಲವೂ ಕಡಿಮೆಯಾಗಿ ಕಾರ್ಡಿನ ಆಯುಸ್ಸು ಹೆಚ್ಚುತ್ತದೆ. ಒಂದು ಗಂಟೆ ಕಳೆದುಕೊಳ್ಳಲು ಒಪ್ಪದವರು ಹತ್ತು ನಿಮಿಷಕ್ಕೆ ಇಳಿಸಲಿ. ತುಂಡು ಸಣ್ಣದಾದಷ್ಟೂ ಕುಗ್ಗುವುದು ಕಡಿಮೆಯಾಗುತ್ತದೆ, ಏಕೆಂದರೆ ಈ ಸಾಧನಗಳಲ್ಲಿ ಹೆಚ್ಚಿನವು ಹಿಂದೆ ಬಂದದ್ದು ಮತ್ತೆ ಬಂದಾಗ ಅದನ್ನು ಗುರುತಿಸಿಯೇ ಗಾತ್ರ ಇಳಿಸುವುದು. ಹಿಂದಿನದು ಕಡಿಮೆ ಇದ್ದರೆ ಗುರುತಿಸುವುದೂ ಕಡಿಮೆ. ಆದರೂ ಸಣ್ಣ ತುಂಡೇ ಲೇಸು.

ಇನ್ನೊಂದು ಎಚ್ಚರ. ಜಿಜಿಪ್ ತನ್ನ ಕೆಲಸ ಮುಗಿಸಿದ ಕೂಡಲೇ ಮೂಲ ಫೈಲನ್ನು ಅಳಿಸುತ್ತದೆ. ಆ ಹೊತ್ತಿಗೆ ಕುಗ್ಗಿಸಿದ್ದು ನಿಜವಾಗಿ ಫ್ಲ್ಯಾಶ್‌ಗೆ ಇಳಿದಿರುತ್ತದೆ ಎಂಬ ಖಾತ್ರಿಯಿಲ್ಲ, ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಸಿಂಕ್ ಮಾಡಿ, ಜಿಜಿಪ್‌ನ ಪರೀಕ್ಷಾ ಆಯ್ಕೆಯಿಂದ ತಾಳೆ ನೋಡಿ, ಆಮೇಲೆ ನಿಜವಾದ ಹೆಸರಿಗೆ ಬದಲಿಸಿ, ಕೊನೆಗೆ ಮೂಲ ಅಳಿಸಿ. ಈ ಕ್ರಮ ತಪ್ಪಿಸಬೇಡಿ. ಮೂಲವೂ ಕುಗ್ಗಿಸಿದ್ದೂ ಒಂದಷ್ಟು ಹೊತ್ತು ಒಟ್ಟಿಗೆ ಇರಬೇಕಾದ್ದರಿಂದ ಅಷ್ಟು ಜಾಗವನ್ನು ಮೊದಲೇ ಬಿಟ್ಟಿರಿ.

ಮೆಮೊರಿ ಎಷ್ಟು ತಿನ್ನುತ್ತದೆ

ಇಲ್ಲಿ ಅಂಕಿಗಳೇ ತೀರ್ಪು ಹೇಳುತ್ತವೆ. ಎಕ್ಸ್‌ಝಡ್ ತನ್ನ ಸಾಮಾನ್ಯ 6ನೇ ಮಟ್ಟದಲ್ಲಿ ಕುಗ್ಗಿಸಲು 94 ಮೆಗಾಬೈಟು ಕೇಳುತ್ತದೆ, ಬಿಚ್ಚಲು 9. ಅದರ 9ನೇ ಮಟ್ಟ ಕುಗ್ಗಿಸಲು 674 ಮೆಗಾಬೈಟು, ಬಿಚ್ಚಲು 65. 64 ಮೆಗಾಬೈಟು ರ‍್ಯಾಮ್ ಇರುವ ಬೋರ್ಡಿನಲ್ಲಿ 6ನೇ ಮಟ್ಟವೂ ನಡೆಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮೆಮೊರಿ ಸಾಲದೆ ಬಂದಾಗ ಲಿನಕ್ಸ್ ಕರ್ನೆಲ್ ಯಾವುದಾದರೊಂದು ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತದೆ. ನಿಂತದ್ದು ನಿಮ್ಮ ಅಳತೆ ಬರೆಯುವ ಪ್ರೋಗ್ರಾಮೇ ಆಗಿರಬಹುದು. ಎಕ್ಸ್‌ಝಡ್‌ನ 0 ಮಟ್ಟಕ್ಕೆ ಮಾತ್ರ 3 ಮೆಗಾಬೈಟು ಸಾಕು.

ಬಿಜಿಪ್2 9ನೇ ಮಟ್ಟದಲ್ಲಿ ಕುಗ್ಗಿಸಲು 7.6 ಮೆಗಾಬೈಟು, ಬಿಚ್ಚಲು 3.7 ಕೇಳುತ್ತದೆ. 1ನೇ ಮಟ್ಟದಲ್ಲಿ ಇದು 1.2 ಮೆಗಾಬೈಟಿಗೂ 500 ಕಿಲೋಬೈಟಿಗೂ ಇಳಿಯುತ್ತದೆ. ಪಠ್ಯವನ್ನು ಜಿಜಿಪ್‌ಗಿಂತ ಚೆನ್ನಾಗಿ ಕುಗ್ಗಿಸುವುದು ನಿಜ, ಆದರೆ ನಿಧಾನ. ಬ್ಯಾಟರಿ ಮೇಲೆ ನಡೆಯುವ ಯಂತ್ರಕ್ಕೆ ನಿಧಾನ ಅಂದರೆ ಖರ್ಚು. ಇವತ್ತು ಹೊಸದಾಗಿ ಬಿಜಿಪ್2 ಆರಿಸಲು ನನಗಂತೂ ಕಾರಣ ಕಾಣುವುದಿಲ್ಲ.

ಜಿಜಿಪ್‌ನೊಳಗಿರುವುದು ಡಿಫ್ಲೇಟ್ ವಿಧಾನ. ಲೆಂಪೆಲ್ ಮತ್ತು ಝಿವ್ 1977ರಲ್ಲಿ ಹೇಳಿದ ಉಪಾಯವೂ ಹಫ್‌ಮನ್ 1952ರಲ್ಲಿ ಹೇಳಿದ ಉಪಾಯವೂ ಅದರಲ್ಲಿ ಕೂಡಿವೆ. ಅದು ಹಿಂತಿರುಗಿ ನೋಡುವುದು 32 ಕಿಲೋಬೈಟು ಮಾತ್ರ. ಹಾಗಾಗಿ ಝಡ್‌ಲಿಬ್ ಲೈಬ್ರರಿಗೆ ಕುಗ್ಗಿಸಲು ಸುಮಾರು 256 ಕಿಲೋಬೈಟು, ಬಿಚ್ಚಲು 40 ಕಿಲೋಬೈಟಿನ ಆಸುಪಾಸು ಸಾಕು. ಎಲ್‌ಝಡ್4 ಇನ್ನೂ ಕಡಿಮೆಯಲ್ಲಿ ಮುಗಿಸುತ್ತದೆ: ಕುಗ್ಗಿಸುವಾಗ 16 ಕಿಲೋಬೈಟಿನ ಒಂದು ಕೋಷ್ಟಕ, ಬಿಚ್ಚುವಾಗ ಹೆಚ್ಚಿನ ಮೆಮೊರಿಯೇ ಬೇಡ. ಯಾನ್ ಕೊಲೆ 2011ರಲ್ಲಿ ಹೊರತಂದ ಈ ಎಲ್‌ಝಡ್4 ಜಿಜಿಪ್‌ನಷ್ಟು ಕುಗ್ಗಿಸುವುದಿಲ್ಲ, ಆದರೆ ವೇಗದಲ್ಲಿ ಅದನ್ನು ಬಹಳ ಹಿಂದೆ ಹಾಕುತ್ತದೆ. ಸೆಕೆಂಡಿಗೆ ನೂರಾರು ಅಳತೆ ಬರೆಯುವ, ಪ್ರೊಸೆಸರಿಗೆ ಪುರುಸೊತ್ತಿಲ್ಲದ ಯಂತ್ರಕ್ಕೆ ಇದೇ ಸರಿ.

ಅದೇ ಯಾನ್ ಕೊಲೆ ಫೇಸ್‌ಬುಕ್‌ನಲ್ಲಿದ್ದಾಗ 2016ರಲ್ಲಿ ಬಿಡುಗಡೆಯಾದ ಝಡ್‌ಸ್ಟ್ಯಾಂಡರ್ಡ್ ಎಲ್‌ಝಡ್4ರ ವೇಗಕ್ಕೂ ಜಿಜಿಪ್‌ನ ಕುಗ್ಗಿಸುವಿಕೆಗೂ ನಡುವಿನ ಅಂತರ ತುಂಬಿತು. ಜಿಜಿಪ್‌ಗಿಂತ ಚೆನ್ನಾಗಿಯೂ ಬೇಗವೂ ಕುಗ್ಗಿಸುತ್ತದೆ. ನಮ್ಮಂಥವರಿಗೆ ಅದರಲ್ಲಿ ಒಂದು ಅನುಕೂಲ ವಿಶೇಷವಾಗಿದೆ: ನಿಮ್ಮ ಹಳೆಯ ಅಳತೆಗಳ ಮಾದರಿ ಕೊಟ್ಟು ಅದಕ್ಕೊಂದು ನಿಘಂಟು ತಯಾರಿಸಬಹುದು. ಆ ನಿಘಂಟು ಪೆಟ್ಟಿಗೆಯಲ್ಲೂ ಸರ್ವರಿನಲ್ಲೂ ಇದ್ದರೆ ಕೆಲವೇ ನೂರು ಬೈಟಿನ ಸಣ್ಣ ಸಂದೇಶವೂ ಚೆನ್ನಾಗಿ ಕುಗ್ಗುತ್ತದೆ. ಆದರೆ ನಿಘಂಟು ಕಳೆದುಹೋದರೆ ಡೇಟಾ ಹೋದಂತೆಯೇ, ಅದನ್ನು ಸರಕಿನಷ್ಟೇ ಜೋಪಾನ ಮಾಡಬೇಕು. ಮಟ್ಟ ಏರಿಸಿದಂತೆ ಬಿಚ್ಚುವ ಕಡೆಯೂ ಮೆಮೊರಿ ಹೆಚ್ಚು ಬೇಕಾಗುತ್ತದೆ, 1ರಿಂದ 3ರೊಳಗೆ ಇರಿ.

ಪೆಟ್ಟಿಗೆಯಲ್ಲಿ ಈಗಾಗಲೇ ಏನಿದೆ ಎಂದು ನೋಡುವುದೂ ಮುಖ್ಯ. ಸಣ್ಣ ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಬಿಜಿಬಾಕ್ಸ್ ಒಂದೇ ಪ್ರೋಗ್ರಾಮಿನೊಳಗೆ ನೂರಾರು ಆಜ್ಞೆಗಳನ್ನು ಅಡಕ ಮಾಡಿದ್ದು. ಬ್ರೂಸ್ ಪೆರೆನ್ಸ್ 1990ರ ದಶಕದ ನಡುವಿನಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ ಫ್ಲಾಪಿಗೆಂದು ಬರೆದದ್ದು ಇಂದಿಗೂ ಜಗತ್ತಿನ ಲೆಕ್ಕವಿಲ್ಲದಷ್ಟು ರೌಟರುಗಳಲ್ಲಿದೆ. ಅದರಲ್ಲಿ ಟಾರ್, ಜಿಜಿಪ್, ಬಿಜಿಪ್2 ಎಲ್ಲ ಸಿಗುತ್ತವೆ. ಎಕ್ಸ್‌ಝಡ್ ಅನ್ನು ಬಿಚ್ಚಲು ಮಾತ್ರ ಬರುತ್ತದೆ, ಕುಗ್ಗಿಸಲು ಬರುವುದಿಲ್ಲ. ಜಿಪ್ ಕೂಡ ಹಾಗೆಯೇ, ಬಿಚ್ಚುವ ಅನ್‌ಜಿಪ್ ಇದೆ, ಕಟ್ಟುವ ಜಿಪ್ ಇಲ್ಲ. ಝಡ್‌ಸ್ಟ್ಯಾಂಡರ್ಡ್ ಬೇಕಾದರೆ ಬೇರೆಯಾಗಿ ಹಾಕಿಕೊಳ್ಳಬೇಕು, ಫ್ಲ್ಯಾಶ್‌ನಲ್ಲಿ ಅದಕ್ಕೆ ಜಾಗ ತೆಗೆದಿಡಬೇಕು. ಇದ್ದುದರಲ್ಲೇ ಕೆಲಸ ಆಗುವುದಾದರೆ ಹೊಸದು ತರಬೇಡಿ.

ಮೆಮೊರಿಯ ಈ ಬಿಕ್ಕಟ್ಟು ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಕಟ್ಟಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರವಾಗಿತ್ತು. ಹಳ್ಳಿಯ ಜನರ ಕೈಗೆ ಕಂಪ್ಯೂಟರ್ ಕೊಡಬೇಕೆಂಬುದು ಅವರ ಆಸೆ. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೆಲವೇ ಹತ್ತು ಮೆಗಾಬೈಟುಗಳಲ್ಲಿ ಇಡೀ ವ್ಯವಸ್ಥೆ ಕೂರಬೇಕಿತ್ತು. ಇಂದು ಹೊಲದ ಪೆಟ್ಟಿಗೆ ಕಟ್ಟುವವರು ಅದೇ ಇಕ್ಕಟ್ಟಿನಲ್ಲಿ ಕೆಲಸ ಮಾಡುತ್ತಿದ್ದಾರೆ.

ಅಪ್‌ಡೇಟ್ ಕಳಿಸುವಾಗ ಲೆಕ್ಕ ತಿರುವುಮುರುವು

ಮೇಲೆ ಹೇಳಿದ್ದೆಲ್ಲ ಪೆಟ್ಟಿಗೆಯೇ ಕುಗ್ಗಿಸುವಾಗಿನ ಮಾತು. ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ಕಳಿಸುವಾಗ ಕುಗ್ಗಿಸುವುದು ನಿಮ್ಮ ದೊಡ್ಡ ಕಂಪ್ಯೂಟರು, ಬಿಚ್ಚುವುದು ಪೆಟ್ಟಿಗೆ. ಅದೂ ಒಮ್ಮೆ. ಅಲ್ಲಿ ಎಕ್ಸ್‌ಝಡ್‌ಗೆ ಬೆಲೆ ಬರುತ್ತದೆ. ರೌಟರುಗಳಿಗಾಗಿ ಇರುವ ಓಪನ್‌ಡಬ್ಲ್ಯುಆರ್‌ಟಿ ತನ್ನ ಇಡೀ ವ್ಯವಸ್ಥೆಯನ್ನು ಸ್ಕ್ವಾಶ್‌ಎಫ್‌ಎಸ್ ಎಂಬ ಓದಲಷ್ಟೇ ಬರುವ ರೂಪದಲ್ಲಿ, ಎಕ್ಸ್‌ಝಡ್‌ನಿಂದ ಕುಗ್ಗಿಸಿ ಇಡುತ್ತದೆ. ಬದಲಾವಣೆಗಳು ಮಾತ್ರ ಬೇರೆ ಪದರದಲ್ಲಿ ಕೂರುತ್ತವೆ. ಕರೆಂಟು ಹೋದರೆ ಆ ಪದರ ಕೆಡಬಹುದು, ಮೂಲ ವ್ಯವಸ್ಥೆ ಕೆಡುವುದಿಲ್ಲ. ಯಲಬುರ್ಗಾದ ಹಳ್ಳಿಯೊಂದರ ಕಂಬ ಹತ್ತಿ ಪೆಟ್ಟಿಗೆ ಇಳಿಸುವ ಕೆಲಸ ತಪ್ಪಬೇಕೆಂದರೆ ಈ ಏರ್ಪಾಡನ್ನೇ ಅನುಸರಿಸಿ.

ಎಕ್ಸ್‌ಝಡ್ ಬಳಸುವವರು 2024ರ ಮಾರ್ಚ್ 29ನ್ನು ನೆನಪಿಡಬೇಕು. ಅದರ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಕಳ್ಳಬಾಗಿಲು ಸೇರಿಸಿದ್ದಾರೆಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅಂದು ಬಹಿರಂಗಪಡಿಸಿದರು. ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದನ್ನು ಗಮನಿಸಿ ಅವರು ಬೆನ್ನುಹತ್ತಿದ್ದರು. ಆ ಎರಡು ಆವೃತ್ತಿಗಳು ನಿಮ್ಮಲ್ಲಿದ್ದರೆ ಇಂದೇ ತೆಗೆಯಿರಿ. ಪೆಟ್ಟಿಗೆಗೆ ಏನು ಕಳಿಸಿದರೂ ಜೊತೆಗೆ ಎಸ್‌ಎಚ್‌ಎ-256 ಮೊತ್ತ ಕಳಿಸಿ, ತಾಳೆಯಾದ ಮೇಲಷ್ಟೇ ಬಿಚ್ಚುವಂತೆ ಬರೆಯಿರಿ. ಆ ಮೊತ್ತ ದಾರಿಯಲ್ಲಿ ಕೆಟ್ಟದ್ದನ್ನು ಹಿಡಿಯುತ್ತದೆ. ಕಳಿಸಿದವರು ನೀವೇ ಎಂದು ಖಚಿತವಾಗಬೇಕಾದರೆ ಡಿಜಿಟಲ್ ಸಹಿಯೂ ಬೇಕು.

ಲಿನಕ್ಸೇ ಇಲ್ಲದ ಯಂತ್ರದಲ್ಲಿ

ಆರ್ಡುಯಿನೋ ಊನೋದಲ್ಲಿ ಇರುವ ರ‍್ಯಾಮ್ 2 ಕಿಲೋಬೈಟು. ಇಎಸ್‌ಪಿ32ರಲ್ಲಿ 520 ಕಿಲೋಬೈಟು, ಅದರಲ್ಲೂ ವೈಫೈ ತನ್ನ ಪಾಲು ತಿನ್ನುತ್ತದೆ. ಇಲ್ಲಿ ಟಾರ್, ಜಿಪ್ ಎಂಬ ಮಾತೇ ಇಲ್ಲ. ಕುಗ್ಗಿಸಲೇಬೇಕೆಂದರೆ ಹೀಟ್‌ಶ್ರಿಂಕ್ ಎಂಬ ಸಣ್ಣ ಲೈಬ್ರರಿ ಇದೆ, 300 ಬೈಟಿಗಿಂತ ಕಡಿಮೆ ಮೆಮೊರಿಯಲ್ಲಿ ಬಹಳಷ್ಟು ಕೆಲಸ ಮಾಡುತ್ತದೆ. ಅದಕ್ಕೂ ಮುಂಚೆ ಅಂಕಿಗಳನ್ನು ಅಕ್ಷರವಾಗಿ ಬರೆಯುವುದನ್ನು ಬಿಡಿ.

ಲೊರಾ ರೇಡಿಯೊ ಬಳಸುವವರಿಗೆ ಇದು ಅನಿವಾರ್ಯ. ಭಾರತದ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೊರಾವ್ಯಾನ್‌ನ ಅತಿ ದೂರ ಮುಟ್ಟುವ, ಅತಿ ನಿಧಾನದ ದರದಲ್ಲಿ ಒಂದು ಸಲಕ್ಕೆ ಕಳಿಸಬಹುದಾದ್ದು 51 ಬೈಟು. ನಮ್ಮ 41 ಬೈಟಿನ ಸಾಲು ಒಂದೇ ಹಿಡಿಸುತ್ತದೆ. ಜಿಜಿಪ್ ಮಾಡಿದರೆ ಅದರ ತಲೆಬಾಲಕ್ಕೇ 18 ಬೈಟು ಹೋಗಿ ಗಾತ್ರ ಏರುವ ಸಂಭವವೇ ಹೆಚ್ಚು. ಅದರ ಬದಲು ಸಮಯಕ್ಕೆ 4 ಬೈಟು, ನೀರಿನ ಮಟ್ಟವನ್ನು ಮಿಲಿಮೀಟರಿನಲ್ಲಿ ಹಿಡಿದು 2 ಬೈಟು, ಉಷ್ಣಾಂಶವನ್ನು ಹತ್ತರಿಂದ ಗುಣಿಸಿ 2, ತೇವಾಂಶಕ್ಕೆ 1, ಒಟ್ಟು 9 ಬೈಟು. ಐದು ಅಳತೆ ಹಿಡಿಸಿದವು. ಇನ್ನೊಂದು ಹೆಜ್ಜೆ ಮುಂದೆ ಹೋಗಿ: ಮೊದಲ ಅಳತೆ ಪೂರ್ತಿ ಬರೆದು, ಮುಂದಿನವುಗಳಲ್ಲಿ ಹಿಂದಿನದಕ್ಕಿಂತ ಎಷ್ಟು ಹೆಚ್ಚುಕಡಿಮೆ ಎಂಬುದನ್ನಷ್ಟೇ ಬರೆಯಿರಿ. ಮಟ್ಟ, ಉಷ್ಣಾಂಶ, ತೇವಾಂಶಕ್ಕೆ ಒಂದೊಂದು ಬೈಟು, ಒಟ್ಟು 3. ಸಮಯ 15 ನಿಮಿಷಕ್ಕೊಮ್ಮೆ ಎಂದು ಗೊತ್ತೇ ಇದೆ, ಬರೆಯುವ ಅಗತ್ಯವಿಲ್ಲ. 9 ಬೈಟಿನ ಮೇಲೆ 14 ಮೂರರ ಗುಂಪು, ಸರಿಯಾಗಿ 51. ಒಂದು ಸಂದೇಶದಲ್ಲಿ 15 ಅಳತೆ! ಪ್ರತಿ ಸಂದೇಶದಲ್ಲೂ ಹಿಂದಿನ ಕೆಲವು ಅಳತೆಗಳನ್ನು ಮತ್ತೆ ಸೇರಿಸಿ ಕಳಿಸಿದರೆ ದಾರಿಯಲ್ಲಿ ಒಂದು ಸಂದೇಶ ಬಿದ್ದುಹೋದರೂ ಮುಂದಿನದರಲ್ಲಿ ಅದರ ಸರಕು ಸಿಗುತ್ತದೆ.

ಈ ವ್ಯತ್ಯಾಸದ ಉಪಾಯಕ್ಕೆ ಒಂದು ಬಾಗಿಲು ಬಿಟ್ಟಿರಬೇಕು. ಒಂದು ಬೈಟಿನಲ್ಲಿ ಹಿಡಿಯುವುದು 127 ಮಿಲಿಮೀಟರಿನಷ್ಟು ಏರಿಳಿತ. ಸಾಮಾನ್ಯ ದಿನಗಳಲ್ಲಿ ಧಾರಾಳವಾಯಿತು. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಅಂಥ ರಾತ್ರಿ ಜಲಾಶಯದ ಕೆಳಗಿನ ನದಿಯಲ್ಲಿ ನೀರು 15 ನಿಮಿಷದಲ್ಲಿ ಎಷ್ಟು ಏರುತ್ತದೆ ಎಂದು ಯಾರು ಮೊದಲೇ ಹೇಳಬಲ್ಲರು? ನದಿಪಾತ್ರದಲ್ಲಿ ನಿಂತ ಮಾಪಕವೊಂದು ಆ ಹೊತ್ತಿನಲ್ಲಿ 127ಕ್ಕೇ ನಿಂತುಬಿಟ್ಟರೆ ಯಾವ ಹೊತ್ತಿಗಾಗಿ ಅದನ್ನು ನಿಲ್ಲಿಸಿದ್ದೆವೋ ಆ ಹೊತ್ತೇ ಕೈತಪ್ಪಿದಂತೆ. ಹಾಗಾಗಿ ಒಂದು ಬೆಲೆಯನ್ನು, ಮೈನಸ್ 128 ಅನ್ನೋಣ, ಗುರುತಾಗಿ ಮೀಸಲಿಡಿ: ಅದು ಕಂಡರೆ ಮುಂದೆ ಪೂರ್ತಿ ಅಳತೆ ಬರುತ್ತದೆ ಎಂದರ್ಥ. ವರ್ಷವಿಡೀ ಒಂದು ಸಲವೂ ಬಳಕೆಗೆ ಬರದಿರಬಹುದು. ಆದರೂ ಇರಲೇಬೇಕು.

ಕನ್ನಡದ ಹೆಸರುಗಳು, ತೆರೆಯುವವರ ಕಷ್ಟ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಗುರುತಿಗೂ 3 ಬೈಟು. ಒತ್ತಕ್ಷರ ಬಂದರೆ ನಡುವಿನ ಹಲಂತಕ್ಕೂ 3 ಬೈಟು. ಕೊಪ್ಪಳ ಎಂದು ಬರೆದರೆ 18 ಬೈಟು, ಕುಷ್ಟಗಿಗೆ 21, ಯಲಬುರ್ಗಾಕ್ಕೆ 24. ಫೈಲಿನ ಒಳಗೆ ಇದರ ಚಿಂತೆ ಬೇಡ, ಮೇಲಿಂದ ಮೇಲೆ ಬರುವ ಆ ಬೈಟುಗಳನ್ನು ಜಿಜಿಪ್ ಬಲು ಚೆನ್ನಾಗಿ ಕುಗ್ಗಿಸುತ್ತದೆ. ತೊಂದರೆ ಫೈಲಿನ ಹೆಸರಿನಲ್ಲಿ. ಟಾರ್‌ನ ತಲೆಬರಹದಲ್ಲಿ ಹೆಸರಿಗಿರುವ ಜಾಗ 100 ಬೈಟು, ಕನ್ನಡದಲ್ಲಿ 33 ಗುರುತುಗಳಿಗೆ ಮುಗಿಯುತ್ತದೆ. ಉದ್ದ ಹೆಸರಿಗೆ ವಿಸ್ತರಣೆಗಳಿವೆ, ಆದರೆ ಎಲ್ಲ ಸಣ್ಣ ಸಾಧನಗಳೂ ಅವನ್ನು ಒಂದೇ ತರ ಓದುವುದಿಲ್ಲ. ಹಳೆಯ ಜಿಪ್ ಸಾಧನಗಳು ಯುಟಿಎಫ್-8 ಎಂಬ ಗುರುತು ಹಾಕದೆ ಕನ್ನಡ ಹೆಸರನ್ನು ಕಲಸುಮೇಲೋಗರ ಮಾಡುತ್ತವೆ. ಫೈಲಿನ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ ಬಳಸಿ. ಊರಿನ ಹೆಸರು ಕನ್ನಡದಲ್ಲಿ ಒಳಗಿರಲಿ.

ಇನ್ನು ಆ ಕಡೆಯವರ ಮಾತು. ಪೆಟ್ಟಿಗೆಯಿಂದ ಬಂದ ಫೈಲು ಕೊನೆಗೆ ಮುಟ್ಟುವುದು ಗಿರಣಿಯ ಗುಮಾಸ್ತರ ವಿಂಡೋಸ್ ಕಂಪ್ಯೂಟರಿಗೋ, ತಾಲ್ಲೂಕು ಕಚೇರಿಗೋ, ರೈತರ ಮೊಬೈಲಿಗೋ. "ಸರ, ನೀವು ಕಳ್ಸಿದ್ ಫೈಲ್ ಓಪನ್ನ ಆಗವಲ್ದು" ಎಂದು ಫೋನು ಬಂದರೆ ನಿಮ್ಮ ಕುಗ್ಗಿಸುವಿಕೆಯ ಲಾಭವೆಲ್ಲ ಹೋಯಿತು. ವಿಂಡೋಸ್‌ನಲ್ಲಿ ಎರಡು ಸಲ ಒತ್ತಿದರೆ ಎಲ್ಲ ಕಾಲದ ಕಂಪ್ಯೂಟರಿನಲ್ಲೂ ತೆರೆಯುವುದು ಜಿಪ್ ಒಂದೇ. ಆದ್ದರಿಂದ ಪೆಟ್ಟಿಗೆಯಲ್ಲಿ ಜಿಜಿಪ್ ಇರಲಿ, ನಡುವಿನ ಸರ್ವರಿನಲ್ಲಿ ಅದನ್ನು ಬಿಚ್ಚಿ ಜಿಪ್ ಮಾಡಿ ಜನರಿಗೆ ಕೊಡಿ. ರಾರ್ ಬೇಡ, ಅದನ್ನು ಕಟ್ಟುವ ಸಾಧನ ಒಂದು ಕಂಪನಿಯ ಸೊತ್ತು. ಮಾರುವ ಯಂತ್ರ ಮಾಡುವವರು ಪರವಾನಗಿ ನೋಡಬೇಕು: ಝಡ್‌ಲಿಬ್, ಎಲ್‌ಝಡ್4, ಹೀಟ್‌ಶ್ರಿಂಕ್ ಮುಕ್ತವಾಗಿ ಬಳಸಲು ಬರುತ್ತವೆ. ಕುಗ್ಗಿಸುವ ಇನ್ನೊಂದು ಹಳೆಯ ಲೈಬ್ರರಿ ಎಲ್‌ಝಡ್‌ಒ ಜಿಪಿಎಲ್‌ನಲ್ಲಿದೆ, ನಿಮ್ಮ ಕೋಡ್ ಗುಟ್ಟಾಗಿ ಇಡುವಂತಿದ್ದರೆ ಅದು ಹೊಂದುವುದಿಲ್ಲ.

ಬಹುಕಾಲ ಇಡಬೇಕಾದ ಡೇಟಾಕ್ಕೆ ನನ್ನ ಮಾತು ಸ್ಪಷ್ಟ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಕಾಲುವೆ ನೀರಿನಿಂದ ಸವಳಾಗುವ ಭೂಮಿಯ ಅಧ್ಯಯನಕ್ಕೆ ಹೆಸರಾದದ್ದು. ಮಣ್ಣು ಸವಳಾಗುವುದು ಒಂದು ಹಂಗಾಮಿನ ಕತೆಯಲ್ಲ, ಅದನ್ನು ಅರಿಯಲು ಹತ್ತಿಪ್ಪತ್ತು ವರ್ಷದ ಲೆಕ್ಕ ಬೇಕು. ಇಂದು ಬರೆದದ್ದನ್ನು ಅಂದು ಯಾರೋ ತೆರೆಯಬೇಕು. ಜಿಜಿಪ್‌ನ ರೂಪ 1996ರಲ್ಲಿಯೇ ಆರ್‌ಎಫ್‌ಸಿ 1951, 1952 ಎಂಬ ದಾಖಲೆಗಳಲ್ಲಿ ಬಹಿರಂಗವಾಗಿ ಅಚ್ಚಾಗಿದೆ. ಅದನ್ನು ಓದುವ ಪ್ರೋಗ್ರಾಮನ್ನು ಒಬ್ಬ ವಿದ್ಯಾರ್ಥಿ ಹೊಸದಾಗಿಯೇ ಬರೆಯಬಹುದು. ಇಂಥ ಡೇಟಾಕ್ಕೆ ಒಳಗೆ ಸರಳ ಪಠ್ಯ, ಹೊರಗೆ ಜಿಜಿಪ್, ಬೇರೇನೂ ಬೇಡ.

ಹಾಗಾದರೆ ಆರಿಸುವುದು ಏನು? ಸಣ್ಣ ಲಿನಕ್ಸ್ ಪೆಟ್ಟಿಗೆಯಲ್ಲಿ ಅಳತೆ ಬರೆಯಲು ಬಿಜಿಬಾಕ್ಸ್‌ನ ಜಿಜಿಪ್, ತುಂಡುತುಂಡಾಗಿ. ಹಲವು ಫೈಲು ಕಟ್ಟಲು ಟಾರ್. ವೇಗವೇ ಮುಖ್ಯವಾದಲ್ಲಿ ಎಲ್‌ಝಡ್4. 64 ಮೆಗಾಬೈಟು ಮೇಲ್ಪಟ್ಟು ಮೆಮೊರಿ ಇದ್ದು, ಮೊಬೈಲ್ ಡೇಟಾದ ಖರ್ಚು ಕಾಡುತ್ತಿದ್ದರೆ ಝಡ್‌ಸ್ಟ್ಯಾಂಡರ್ಡ್. ಅಪ್‌ಡೇಟಿಗೆ ಎಕ್ಸ್‌ಝಡ್. ಮೈಕ್ರೊಕಂಟ್ರೋಲರಿನಲ್ಲಿ ಬೈಟು ಎಣಿಸಿ ಅಡಕ ಮಾಡುವುದು. ಇದನ್ನೂ ನನ್ನ ಮಾತಿನ ಮೇಲೆಯೇ ಒಪ್ಪಬೇಡಿ. ನಿಮ್ಮದೇ ಯಂತ್ರದ ಒಂದು ದಿನದ ಫೈಲು ತೆಗೆದುಕೊಂಡು, ಅದೇ ಬೋರ್ಡಿನ ಮೇಲೆ, ಎಷ್ಟು ಸೆಕೆಂಡು, ಎಷ್ಟು ಮೆಮೊರಿ ಎಂದು ನೋಡಿ. ಲ್ಯಾಪ್‌ಟಾಪಿನ ಮೇಲೆ ಮಾಡಿದ ಪರೀಕ್ಷೆ ಹೊಲದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬರೆಯುತ್ತಿರುವಾಗಲೇ ಬ್ಯಾಟರಿ ವೈರು ಕಿತ್ತು ಮತ್ತೆ ಹಚ್ಚಿ, ಏನು ಉಳಿಯಿತೆಂದು ನೋಡಿ. ಎಲ್ಲ ಸರಿಯಾದ ಮೇಲೆ ಒಂದು ಕಾಗದದಲ್ಲಿ ಫೈಲಿನ ರೂಪ, ಸಾಧನದ ಹೆಸರು, ಆವೃತ್ತಿ, ಬಿಚ್ಚುವ ವಿಧಾನ, ಪ್ರತಿ ಕಾಲಮ್ಮಿನ ಅರ್ಥ, ಇಷ್ಟನ್ನು ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ. ನಿಮ್ಮ ನಂತರ ಅದನ್ನು ರಿಪೇರಿ ಮಾಡುವವರಿಗೆ ಮೊದಲು ಬೇಕಾಗುವುದು ಆ ಕಾಗದ.